ದಿಂಬಿನ ಕೆಳಗಿನ ಉಳಿ

ನನ್ನ ತಮ್ಮ ಬದುಕಿದ್ದು ಉಳಿಯಿಂದಲ್ಲ. ಅವನು ಹುಟ್ಟಿದಾಗ ಅವ್ವನ ತಲೆದಿಂಬಿನ ಕೆಳಗೆ ನಮ್ಮ ಮನೆತನದ ಸಣ್ಣ ಉಳಿ ಇತ್ತು, ಅದೇ ಕೂಸನ್ನು ಕಾಯಿತು ಎಂದು ನಮ್ಮ ಬಳಗದವರು ಇವತ್ತಿಗೂ ಹೇಳುತ್ತಾರೆ. ಅಮಾವಾಸ್ಯೆಗೆ ಆ ಉಳಿಯನ್ನು ತೊಳೆದು, ಕುಂಕುಮ ಹಚ್ಚಿ, ಕಾಯಿ ಒಡೆಯುತ್ತಾರೆ. ಒಡೆಯಲಿ, ಚಟ್ನಿಗೆ ಆಗುತ್ತದೆ. ಆದರೆ ದಿಂಬಿನ ಕೆಳಗೆ ಇದ್ದದ್ದು ಒಲೆ ಊದುವ ಕಬ್ಬಿಣದ ಕೊಳವೆ. ಅದೂ ಅವನನ್ನು ಬದುಕಿಸಲಿಲ್ಲ. ಜ್ವರ ಬಂತು, ಇಳಿಯಿತು, ಹುಡುಗ ಬದುಕಿದ. ಆದದ್ದು ಅಷ್ಟೇ. ಇದನ್ನು ತಮ್ಮನಿಗೇ ಹೇಳಿದ್ದೇನೆ. ಅವನು ಬಿಳಿ ಮೀಸೆಯೊಳಗೆ ನಗುತ್ತಾನೆ.

“ಅಕ್ಕಾ, ಊದುಗೊಳವಿ ಕಾಯ್ದ ಮನುಷ್ಯಾ ನಾನು ಅಂತ ಊರಾಗ ಹೆಂಗ ಹೇಳಿಕೊಂಡು ತಿರುಗಲಿ? ಉಳಿನೇ ಇರಲಿ ಬಿಡು.”

ಇರಲಿ ಅಂತ ನಾನೂ ಬಿಟ್ಟಿದ್ದೆ. ಮೊನ್ನೆ ಮೊಮ್ಮಗಳು ಬಂದು ಉಳಿ ಅನ್ನುವ ಮಾತು ಎಲ್ಲಿಂದ ಬಂತು ಅಜ್ಜಿ ಎಂದು ಕೇಳಿದಳು. ಅವಳೇ ಓದಿಕೊಂಡು ಬಂದಿದ್ದಳು, ನನ್ನನ್ನು ಸುಮ್ಮನೆ ಪರೀಕ್ಷೆ ಮಾಡುತ್ತಿದ್ದಳು. ತೆಲುಗಿನವರು ಉಲಿ ಅನ್ನುತ್ತಾರಂತೆ, ತಮಿಳರೂ ಮಲೆಯಾಳದವರೂ ಉಳಿ ಎಂದೇ ಅನ್ನುತ್ತಾರಂತೆ, ಆದ್ದರಿಂದ ಇದು ಈ ಭಾಷೆಗಳು ಬೇರೆ ಮನೆ ಮಾಡುವ ಮೊದಲೇ ಇದ್ದ ಮಾತಂತೆ. ಇರಬಹುದು. ನಾನು ಅಯ್ಯನವರ ಶಾಲೆಯಲ್ಲಿ ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ಕಲಿತವಳು, ಮಗ್ಗಿ ಮುಗಿಯುವ ಮೊದಲೇ ಬಿಡಿಸಿ ಮನೆಗೆಲಸಕ್ಕೆ ಹಚ್ಚಿದರು. ಮಾತುಗಳು ಲೋಕದೊಳಗೆ ಎಲ್ಲಿಂದ ಬರುತ್ತವೆ ಎಂಬುದು ನನಗೆ ಗೊತ್ತಿಲ್ಲ. ಈ ಒಂದು ಮಾತು ನನ್ನೊಳಗೆ ಎಲ್ಲಿಂದ ಬಂತು ಅನ್ನುವುದು ಗೊತ್ತು. ಅದು ಅಡಿಗೆಮನೆಯ ಗೋಡೆಯ ಆಚೆಯಿಂದ ಬಂತು.

ನಿಜಾಮರ ಕಾಲದ ಮಕ್ತಲದಲ್ಲಿ ನಮ್ಮದು ಮಣ್ಣಿನ ಮಾಳಿಗೆ ಮನೆ. ತಲೆಬಾಗಿಲಿಗೆ ಬಗ್ಗಿ ಬರಬೇಕು. ಊರೆಲ್ಲರ ಮನೆಗೆ ಎತ್ತರದ ಬಾಗಿಲು ಮಾಡಿಕೊಟ್ಟ ಬಡಿಗೇರರ ಮನೆಗೆ ಆಳೆತ್ತರದ ಬಾಗಿಲಿಲ್ಲ ಎಂದು ಬಂದವರೆಲ್ಲ ಹಣೆ ತಿಕ್ಕಿಕೊಂಡು ಹೇಳುತ್ತಿದ್ದರು. ಒಳಗೆ ಪಡಸಾಲೆ, ಪಡಸಾಲೆಯಾಚೆ ಒಂದು ಕತ್ತಲ ಕೋಣೆ, ಆಮೇಲೆ ಅಡಿಗೆಮನೆ. ಅಡಿಗೆಮನೆಯ ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಬೆಳಿಗ್ಗೆ ಅದರಿಂದ ಇಳಿದ ಬಿಸಿಲು ಒಲೆಯ ಹೊಗೆಯೊಳಗೆ ಕಂಬದ ಹಾಗೆ ನಿಲ್ಲುತ್ತಿತ್ತು, ನಾನು ಅದನ್ನು ತಬ್ಬಿಕೊಳ್ಳಲು ಹೋಗುತ್ತಿದ್ದೆನಂತೆ. ಅಡಿಗೆಮನೆಯ ಗೋಡೆಗೆ ಆನಿಸಿ ಹೊರಗಡೆ ಕೆಲಸದ ಚಪ್ಪರ. ಅಲ್ಲಿ ಮುತ್ಯಾ ಮತ್ತು ಅಪ್ಪ ಕೂಡುತ್ತಿದ್ದರು. ನಾನು ಕಣ್ಣು ಬಿಡುವ ಮೊದಲೇ ಅವರ ಸಪ್ಪಳ ಗೋಡೆಯೊಳಗಿಂದ ನೀರಿನ ಹಾಗೆ ಸೋರಿ ಬರುತ್ತಿತ್ತು. ಬಾಚಿ ಬಿದ್ದರೆ ಗೋಡೆ ಕೆಮ್ಮಿದ ಹಾಗೆ. ಗರಗಸ ಎಳೆದರೆ ದೊಡ್ಡ ಪ್ರಾಣಿಯೊಂದು ನಿದ್ದೆಯಲ್ಲಿ ಉಸಿರಾಡಿದ ಹಾಗೆ. ಮರದ ಕೊಡತಿಯಿಂದ ಉಳಿಯ ತಲೆಗೆ ಹೊಡೆದರೆ ಯಾರೋ ನಾಲಿಗೆ ಲೊಟಗುಟ್ಟಿ ನನ್ನನ್ನೇ ಕರೆದ ಹಾಗೆ. ಈಗಲೂ ನಸುಕಿನಲ್ಲಿ ಅರ್ಧ ಎಚ್ಚರವಾದಾಗ ಆ ಸಪ್ಪಳ ಕೇಳುತ್ತದೆ. ಎದ್ದು ನೋಡಿದರೆ ನಲ್ಲಿ ತೊಟ್ಟಿಕ್ಕುತ್ತಿರುತ್ತದೆ.

ಮುತ್ಯಾ ಅಂದರೆ ಅಪ್ಪನ ಅಪ್ಪ. ಅವನ ಹೆಂಡತಿ ನಮ್ಮ ಆಯಿ. ಅಡಿಗೆಮನೆ ಆಯಿಯದು, ಚಪ್ಪರ ಮುತ್ಯಾನದು, ನಡುವೆ ಗೋಡೆ. ಆಯಿ ರೊಟ್ಟಿ ತಟ್ಟುತ್ತಲೇ ಆಚೆ ಯಾವ ಉಳಿ ಯಾರ ಕೈಯಲ್ಲಿದೆ ಎಂದು ಹೇಳುತ್ತಿದ್ದಳು. ‘ನಿಮ್ಮಪ್ಪ ಅಗಲುಳಿ ಹಿಡದಾನ, ಬಾಯಿ ಹೋಗೇತಿ, ಮಸೀಬೇಕು’ ಅನ್ನುತ್ತಿದ್ದಳು. ಬಾಯಿ ಅಂದರೆ ಉಳಿಯ ಅಲಗು. ತುಸು ಹೊತ್ತಿಗೆ ಅಪ್ಪ ಸಾಣೆಕಲ್ಲಿಗೆ ನೀರು ಕೇಳಿಕೊಂಡು ಬರುತ್ತಿದ್ದ.

ಊಟಕ್ಕೆ ಕೂತಾಗ ಮುತ್ಯಾ ಕಥೆ ಹೇಳುವುದಿತ್ತು. ಮೊದಲ ಬಡಿಗೇರನಿಗೆ ಹಲ್ಲು ಉಗುರು ಬಿಟ್ಟರೆ ಬೇರೆ ಸಾಮಾನೇ ಇರಲಿಲ್ಲವಂತೆ. ಅವನು ಅಡವಿಯಲ್ಲಿ ಅಳುತ್ತ ಕೂತಾಗ ಮರಕುಟುಕ ಹಕ್ಕಿ ಬಂದು ತನ್ನ ಕೊಕ್ಕನ್ನು ಕಡ ಕೊಟ್ಟಿತಂತೆ. ಅದು ಮರ ಕುಟ್ಟುವಾಗ ಉಳ್ ಉಳ್ ಅನ್ನುತ್ತಿತ್ತಂತೆ, ಅದಕ್ಕೇ ಉಳಿ ಎಂದು ಹೆಸರು.

“ನಮ್ಮ ಬೇವಿನ ಮರದಾಗಿನ ಹಕ್ಕಿ ಟಕ್ ಟಕ್ ಅಂತೈತಿ,” ಆಯಿ ಸಾರು ಬಡಿಸುತ್ತ ಅನ್ನುತ್ತಿದ್ದಳು. “ನಿಮ್ಮ ಹಕ್ಕಿಗೆ ಹಲ್ಲು ಬಿದ್ದಿದ್ದವೇನೋ.”

“ಆವಾಗಿನ ಹಕ್ಕಿನೇ ಬ್ಯಾರೆ.”

“ಆವಾಗಿನ ಸುಳ್ಳುನೂ ಬ್ಯಾರೆ.”

ಅಪ್ಪ ಈ ಗೊಡವೆಗೆ ಹೋಗುತ್ತಿರಲಿಲ್ಲ. ಅವನಿಗೆ ಹೆಸರು ಅಂದರೆ ಗಿರಾಕಿ. ಕಟ್ಟಿಗೆ ತಪಾಸಣೆಗೆ ಬರುತ್ತಿದ್ದ ಸರಕಾರದ ನಾಕೇದಾರನು ಇದೇನು ಎಂದರೆ ಅಪ್ಪ ಎದ್ದು ನಿಂತು ಉರ್ದುವಿನಲ್ಲಿ ‘ಪಟಾಸಿ ಸಾಹೇಬ್’ ಅನ್ನುತ್ತಿದ್ದ. ಗದ್ವಾಲ ಕಡೆಯ ರೈತರಿಗೆ ಉಲಿ, ನಮ್ಮವರಿಗೆ ಉಳಿ. ಅವ್ವ ಮಾತ್ರ ಯಾರ ಮುಂದೆಯೂ ಉಲಿ ಎಂದೇ ಅನ್ನುತ್ತಿದ್ದಳು. ಅವಳು ತುಂಗಭದ್ರೆಯ ದಂಡೆಯ ಅಲಂಪುರದವಳು, ತೆಲುಗು ಮನೆಮಾತಿನವಳು, ಕಲ್ಲು ಕೆತ್ತುವವರ ಮಗಳು. ಮದುವೆಯಾಗಿ ಬಂದ ಹೊಸದರಲ್ಲಿ ಉಲಿ ಕೊಡ್ರಿ ಅಂದದ್ದಕ್ಕೆ ನಾರಾಯಣಪೇಟೆಗೆ ಕೊಟ್ಟಿದ್ದ ನಮ್ಮ ಅತ್ತೆ, ಅಪ್ಪನ ಅಕ್ಕ, ಇಡೀ ಬಳಗದ ನಡುವೆ ಅಣಕಿಸಿ ನಗಿಸಿದ್ದಳು. ಮುತ್ಯಾ ನಗಲಿಲ್ಲವಂತೆ. ಅವತ್ತಿನಿಂದ ಸೊಸೆಯ ಕೂಡ ಮಾತಾಡುವಾಗ ಅವನೂ ಉಲಿ ಅನ್ನತೊಡಗಿದ. ಸಾಯುವತನಕ ಹಾಗೇ ಅಂದ. ಅವ್ವ ಈ ಮನೆಯಲ್ಲಿ ಮನಸ್ಸಿಟ್ಟು ಇದ್ದದ್ದು ಆ ಒಂದು ಅಕ್ಷರದ ಮೇಲೆ ಎಂದು ನನಗೆ ಅನ್ನಿಸುತ್ತದೆ.

ಉಳಿಗಳಲ್ಲಿ ಎಲ್ಲಕ್ಕಿಂತ ಸಣ್ಣದೊಂದು ಇತ್ತು. ಕಿರುಬೆರಳಿನಷ್ಟು ತೆಳುವಾದ ಕಬ್ಬಿಣ, ಹುಣಸೆಯ ಹಿಡಿಕೆ. ರಾಯಚೂರ ಕಡೆಯಿಂದ ನಮ್ಮ ಹಿರಿಯರು ಈ ಊರಿಗೆ ಬರುವಾಗ ತಂದದ್ದಂತೆ. ಹಿಡಿಕೆ ಎಷ್ಟು ಸಲ ಬದಲಾಗಿತ್ತೋ, ಕಬ್ಬಿಣ ಅದೇ. ಹೂವಿನ ನರ, ಹಕ್ಕಿಯ ಕಣ್ಣು, ಬಳ್ಳಿಯ ತುದಿ ಇವಕ್ಕೆಲ್ಲ ಅದೇ ಬೇಕು. ಅದನ್ನು ಕೊಡತಿಯಿಂದ ಹೊಡೆಯುವಂತಿಲ್ಲ, ಅಂಗೈಯಿಂದ ಒತ್ತಿ ಕೆತ್ತಬೇಕು. ಮನೆಯಲ್ಲಿ ಹೆರಿಗೆಯಾದರೆ ಆ ಉಳಿಯನ್ನು ಹಳೇ ಸೀರೆಯ ಚೂರಿನಲ್ಲಿ ಸುತ್ತಿ ಬಾಣಂತಿಯ ದಿಂಬಿನ ಕೆಳಗೆ ಇಡುವುದು ನಮ್ಮ ರೀತಿ. ಕಬ್ಬಿಣ ಇದ್ದಲ್ಲಿ ಗಾಳಿ ಸುಳಿಯುವುದಿಲ್ಲ ಎಂದು ನಂಬಿಕೆ. ಬೇರೆ ಮನೆಗಳಲ್ಲಿ ಕುಡುಗೋಲು ಇಡುತ್ತಾರೆ, ನಮ್ಮಲ್ಲಿ ಉಳಿ. ಇಟ್ಟವಳೇ, ಅಂದರೆ ಮನೆಯ ಹಿರಿಯ ಹೆಂಗಸೇ, ತೊಟ್ಟಿಲ ದಿನ ತೆಗೆಯಬೇಕು. ಅಲ್ಲಿಯತನಕ ಗಂಡಸರು ಅದನ್ನು ಕೇಳುವಂತಿಲ್ಲ, ಮುಟ್ಟುವಂತಿಲ್ಲ. ಮನೆಯೊಳಗೆ ಉಳಿ ಅನ್ನುವ ಮಾತನ್ನೂ ಆಡುವಂತಿಲ್ಲ, ‘ದೊಡ್ಡಾಕಿ’ ಅನ್ನಬೇಕು. ಹೆಸರು ಹಿಡಿದು ಕರೆದರೆ ಎದ್ದು ಕೆಲಸಕ್ಕೆ ಹೋಗಿಬಿಡುತ್ತಾಳೆ, ಕೂಸಿನ ಕಾವಲು ತಪ್ಪುತ್ತದೆ ಎಂದು. ಇದು ಆಯಿ ನನಗೆ ಹೇಳಿಕೊಟ್ಟ ಅರ್ಥ. ಹಕ್ಕಿಯ ಕೊಕ್ಕೂ ಅಲ್ಲ, ಪಟಾಸಿಯೂ ಅಲ್ಲ. ಬಾಗಿಲ ಬಳಿ ಎದ್ದು ಕೂತ ಒಬ್ಬ ಮುದುಕಿ.

ಆಯಿಗೆ ಈ ನಂಬಿಕೆ ಗಟ್ಟಿಯಾಗಲು ಕಾರಣವಿತ್ತು. ಅವಳ ಚೊಚ್ಚಲ ಮಗು ಗಂಡು. ಆಗ ಮುತ್ಯಾ ಇನ್ನೂ ಮೀಸೆ ಮೂಡುತ್ತಿದ್ದ ಹುಡುಗ. ಯಾವುದೋ ದೊಡ್ಡ ಮನೆಯ ತೊಟ್ಟಿಲು ಮುಗಿಸುವ ಅವಸರದಲ್ಲಿ ದಿಂಬಿನ ಕೆಳಗಿನ ಉಳಿಯನ್ನು ಎಳೆದುಕೊಂಡು ಹೋದ. ಜ್ವರ ಬಂದು ಕೂಸು ಹೋಯಿತು. ಅದಾದ ಮೇಲೆ ಅತ್ತೆ ಹುಟ್ಟಿದಳು, ಅಪ್ಪ ಹುಟ್ಟಿದ, ಇಬ್ಬರೂ ದೊಡ್ಡವರಾದರು. ಆಯಿ ಆ ಮಾತನ್ನು ಮುತ್ಯಾನಿಗೆ ಒಮ್ಮೆಯೂ ಆಡಲಿಲ್ಲ. ಆದರೆ ಅವನು ಚಪ್ಪರದಲ್ಲಿ ಆ ಉಳಿ ಹಿಡಿದ ದಿನ ಅವನ ತಾಟಿಗೆ ರೊಟ್ಟಿಯನ್ನು ಇಡುತ್ತಿರಲಿಲ್ಲ, ಮೇಲಿಂದ ಬಿಡುತ್ತಿದ್ದಳು. ತಾಟು ಟಣ್ ಅನ್ನುತ್ತಿತ್ತು. ಆ ಟಣ್ ಅನ್ನುವ ಸಪ್ಪಳ ಯಾಕೆಂದು ಅಪ್ಪ ಅವ್ವನಿಗೆ ಹೇಳಿದ್ದ, ಅವ್ವ ನನಗೆ ಹೇಳಿದಳು.

ಆ ವರ್ಷ ಗದ್ವಾಲದ ಜವಳಿ ಸಾವಕಾರನೊಬ್ಬ ಹೊಸ ಮನೆಗೆ ದ್ವಾರಬಾಗಿಲು ಹೇಳಿದ್ದ. ಸಾಗವಾನಿ ಚೌಕಟ್ಟು, ಎರಡೂ ಬದಿಗೆ ಬಳ್ಳಿ, ಮೇಲಿನ ಪಟ್ಟಿಯಲ್ಲಿ ಎದುರುಬದುರು ಗಿಳಿಗಳು. ಮುತ್ಯಾನ ಕಣ್ಣಿಗೆ ಪರೆ ಬೆಳೆಯುತ್ತಿತ್ತು. ಇದು ಕಡೆಯ ಬಾಗಿಲು ಎಂದು ಅವನಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಬಳ್ಳಿ ಮುಗಿದು ಗಿಳಿಗಳ ಮೈ ಎದ್ದಿತ್ತು. ಕಣ್ಣು, ಗರಿಯ ಗೆರೆ ಮಾತ್ರ ಬಾಕಿ. ಅಷ್ಟರಲ್ಲಿ ಅವ್ವನಿಗೆ ದಿನ ತುಂಬುವ ಮೊದಲೇ ಬೇನೆ ಬಂತು. ನನ್ನ ಬೆನ್ನಿಗೆ ಹುಟ್ಟಿದ ಕೂಸುಗಳು ಉಳಿದಿರಲಿಲ್ಲ. ಈ ಸಲ ಗಂಡು. ಸುಲಿದ ಅವರೆಕಾಳಿನ ಹಾಗೆ ತೊಗಲು, ಅಳಲಿಕ್ಕೂ ತ್ರಾಣವಿಲ್ಲ. ಆಯಿ ಚಪ್ಪರಕ್ಕೆ ಹೋಗಿ ಕೈ ಚಾಚಿದಳು. ಮುತ್ಯಾ ಉಳಿ ಕೊಟ್ಟ. ಬಾಗಿಲು ನಿಲ್ಲಿಸುವ ಮುಹೂರ್ತ ತೊಟ್ಟಿಲ ದಿನಕ್ಕಿಂತ ಮೊದಲಿತ್ತು.

ಆಮೇಲಿನ ದಿನಗಳು ನನಗೆ ನೀರಿನ ತಳದಲ್ಲಿ ಕಂಡಂತೆ ಕಾಣುತ್ತವೆ. ಕತ್ತಲ ಕೋಣೆ. ಬೆಳ್ಳುಳ್ಳಿ ಸಿಪ್ಪೆಯ ಹೊಗೆ, ಲೋಬಾನದ ಹೊಗೆ. ಕೆಂಡದ ಬೆಳಕಿನಲ್ಲಿ ಅವ್ವನ ಹಣೆ ಮಾತ್ರ ಹೊಳೆಯುತ್ತಿತ್ತು. ನಾನು ಬಾಗಿಲಲ್ಲಿ ಕೌದಿ ಹಾಸಿಕೊಂಡು ನಿದ್ದೆ ಎಚ್ಚರದ ನಡುವೆ ತೇಲುತ್ತಿದ್ದೆ. ಬಾಣಂತನಕ್ಕೆಂದು ನಾರಾಯಣಪೇಟೆಯಿಂದ ಅತ್ತೆ ಬಂದಿದ್ದಳು. ಕೆಂಪಂಚಿನ ಗರಿಗರಿ ಸೀರೆಯ ಸಪ್ಪಳ ಅವಳಿಗಿಂತ ಮೊದಲು ಕೋಣೆಗೆ ಬರುತ್ತಿತ್ತು. ಕೂಸಿನ ಮೈಗೆ ಎಣ್ಣೆ ಹಚ್ಚುವಾಗ ಕೈ ಮೃದು, ಬಾಯಿ ಮಾತ್ರ ಹಾಗಲ್ಲ. ‘ಕಲ್ಲು ಕುಟ್ಟೋರ ಮನಿಯಾಕಿ, ಗಟ್ಟಿ ಕೂಸು ಹಡೀತಾಳ ಅಂತ ತಂದಿದ್ದಿವಿ’ ಎಂದು ಎಣ್ಣೆಯ ಬಟ್ಟಲಿಗೆ ಹೇಳುತ್ತಿದ್ದಳು. ಅವ್ವ ಗೋಡೆಯ ಕಡೆ ಮುಖ ಮಾಡುತ್ತಿದ್ದಳು. ಅಡಿಗೆಮನೆಯ ಆಚೆ ಚಪ್ಪರದಲ್ಲಿ ಸಪ್ಪಳವೇ ಇರಲಿಲ್ಲ. ನಾನು ಹೋಗಿ ನೋಡಿದರೆ ಮುತ್ಯಾ ಕಣ್ಣಿಲ್ಲದ ಗಿಳಿಗಳ ಮುಂದೆ ಕೈ ಕಟ್ಟಿಕೊಂಡು ಕೂತಿರುತ್ತಿದ್ದ. ಅಪ್ಪ ಕಮ್ಮಾರನಿಂದ ಇನ್ನೊಂದು ಸಣ್ಣ ಉಳಿ ಬಡಿಸಿ ತಂದ. ಸಾಗವಾನಿಯ ಗಂಟಿಗೆ ತಾಗುತ್ತಲೇ ಅದರ ಬಾಯಿ ಚಕ್ಕೆ ಎದ್ದಿತು. ಗಿಳಿಯ ಗಲ್ಲದ ಮೇಲೆ ಒಂದು ಗೀರು ಬಿತ್ತು. ಮುತ್ಯಾ ಆ ಗೀರನ್ನು ಉಗುರಿನಿಂದ ಸವರುತ್ತ ಕೂತ.

ಒಂದು ಮಧ್ಯಾಹ್ನ ಆಯಿ ಬಟ್ಟೆ ಒಗೆಯಲು ಹಳ್ಳಕ್ಕೆ ಹೋಗಿದ್ದಳು. ಅತ್ತೆ ಪಡಸಾಲೆಯಲ್ಲಿ ಬಾಯಿ ತೆರೆದು ಮಲಗಿದ್ದಳು. ಮುತ್ಯಾ ಕೂಸನ್ನು ನೋಡಲು ಬಂದು ಎಂದಿನಂತೆ ಹೊಸ್ತಿಲಾಚೆ ನಿಂತ. ಒಳಗಿನ ಕತ್ತಲಿನಿಂದ ಅವ್ವ ಕೇಳಿದಳು.

“ಮಾವಾ, ಗಿಳಿಗೆ ಕಣ್ಣು ಬಂದುವೇನು?”

“ಬರತಾವ ಬಿಡವಾ. ತೊಟ್ಟಿಲು ಆಗಲಿ.”

“ಮುಹೂರ್ತ ಅದಕ್ಕ ಮೊದಲು ಐತೆಲ್ಲಾ?”

“ಸಾವಕಾರ ಕುರುಡು ಗಿಳಿನೇ ಒಯ್ಯಲಿ. ಒಳಗ ಬರೋರನ್ನ ನೋಡಿ ಅವಕ್ಕೇನಾಗಬೇಕೈತಿ?”

ಅವ್ವ ನಗಲಿಲ್ಲ. ದಿಂಬಿನ ಕೆಳಗೆ ಕೈ ಹಾಕಿ ಬಟ್ಟೆಯ ಸುರುಳಿಯನ್ನು ತೆಗೆದು ಹೊಸ್ತಿಲ ಕಡೆ ಚಾಚಿದಳು.

“ತಗೋರಿ. ಅಲಂಪುರದಾಗ ನಮ್ಮ ನಾಯ್ನ ಮನಿಯಾಗ ನಾವು ಹುಟ್ಟಿದಾಗ ಒಂದು ದಿನ ಸುದಾ ಉಲಿ ನಿಂತಿಲ್ಲ. ನಾವೆಲ್ಲಾ ಬದುಕೀವಿ.”

“ಬ್ಯಾಡ ತಾಯಿ.” ಮುತ್ಯಾ ಹಿಂದಕ್ಕೆ ಸರಿದ. “ನಿನಗ ಗೊತ್ತಿಲ್ಲ. ನಾನೊಮ್ಮೆ ಹಿಂಗ ತಗೊಂಡು ಹೋಗಿದ್ದೆ.”

“ಗೊತ್ತೈತಿ. ನಿಮ್ಮ ಮಗ ಹೇಳ್ಯಾನ. ಕಬ್ಬಿಣ ಬೇಕಲ್ಲ, ಕಬ್ಬಿಣ ಇಡ್ತೀನಿ.” ಅವ್ವ ನನ್ನ ಕಡೆ ತಿರುಗಿದಳು. “ಹೋಗಿ ಊದುಗೊಳವಿ ತಾ.”

ತಂದುಕೊಟ್ಟೆ. ಹೇಳಿದ ಕೆಲಸ ಮಾಡಿದೆ, ಅದರಲ್ಲಿ ನನಗೆ ಇವತ್ತಿಗೂ ಅಳುಕಿಲ್ಲ. ಮೊಳದುದ್ದದ ಕೊಳವೆ, ಮಸಿ ಹಿಡಿದು ಕರ್ರಗಾದದ್ದು. ದಿಂಬಿನಿಂದ ಹೊರಗೆ ಚಾಚುತ್ತಿತ್ತು, ಅವ್ವ ಅದರ ಮೇಲೆ ಕೌದಿ ಎಳೆದಳು. ಮುತ್ಯಾ ಇನ್ನೂ ಅಲ್ಲೇ ನಿಂತಿದ್ದ. ಕಣ್ಣಿನ ಪರೆಯ ಹಿಂದೆ ಏನು ನಡೆದಿತ್ತೋ ಕಾಣಲಿಲ್ಲ. ಆಮೇಲೆ ಎರಡೂ ಕೈ ಚಾಚಿ, ಪ್ರಸಾದ ತೆಗೆದುಕೊಳ್ಳುವವನ ಹಾಗೆ, ಆ ಸುರುಳಿಯನ್ನು ತೆಗೆದುಕೊಂಡ.

ಉಳಿ ಕೆತ್ತುವ ಸಪ್ಪಳ ಆಯಿಗೆ ಕೇಳಬಾರದು. ಅದಕ್ಕೆ ಮುತ್ಯಾ ಕೆತ್ತುವಾಗೆಲ್ಲ ಅಪ್ಪ ಪಕ್ಕದಲ್ಲಿ ಗರಗಸ ಎಳೆದ. ಕೊಯ್ಯಲು ಹಲಗೆ ಮುಗಿದವು, ಒಲೆಯ ಕಟ್ಟಿಗೆಯನ್ನು ಕೊಯ್ದ. ಅಷ್ಟು ಅಂದವಾದ, ಮೂಲೆ ತಿದ್ದಿದ ಸೌದೆ ನಮ್ಮ ಒಲೆ ಅದುವರೆಗೆ ಕಂಡಿರಲಿಲ್ಲ.

“ಏನವಾ, ನಿಮ್ಮಪ್ಪ ಸೌದಿಗೂ ಚೌಕಟ್ಟು ಕೂಡಿಸಾಕತ್ತಾನೇನು?” ಆಯಿ ಒಂದು ತುಂಡನ್ನು ತಿರುಗಿಸಿ ನೋಡಿ ಒಲೆಗೆ ಇಟ್ಟಳು.

ಒಲೆಯನ್ನು ಊದಲು ಕೊಳವೆ ಇರಲಿಲ್ಲ. ಮೂಲೆಯಲ್ಲಿದ್ದ ಒಂದು ಬಿದಿರಿನ ತುಂಡು ತೆಗೆದುಕೊಂಡಳು. ಅದು ಸೀಳಿತ್ತು, ಊದಿದ ಗಾಳಿಯೆಲ್ಲ ಸೀಳಿನಿಂದ ಅವಳ ಮುಖಕ್ಕೇ ಬರುತ್ತಿತ್ತು. ಹೊಗೆಗೆ ಕಣ್ಣು ಸುರಿಯುತ್ತಿದ್ದವು. ನಾನು ಬಾಗಿಲ ಮರೆಯಲ್ಲಿ ನೋಡುತ್ತಿದ್ದೆ. ಕಳೆದ ಒಂದು ಚಮಚಕ್ಕಾಗಿ ಮನೆಯ ಸಾಮಾನೆಲ್ಲ ಅಂಗಳಕ್ಕೆ ತರುವ ಹೆಂಗಸು ಆಯಿ. ಊದುಗೊಳವಿ ಎಲ್ಲಿ ಎಂದು ಅವಳು ಯಾರನ್ನೂ ಕೇಳಲಿಲ್ಲ. ಇದು ನನಗೆ ವಿಚಿತ್ರ ಅನ್ನಿಸಿತು, ಹೆದರಿಕೆ ಆಗಲಿಲ್ಲ. ಹೆದರಬೇಕಾದ ದೊಡ್ಡವರು, ಮುತ್ಯಾ, ಅಪ್ಪ, ಅವ್ವ, ಅವರೂ ಹೆದರಲಿಲ್ಲ. ಎಲ್ಲವನ್ನೂ ಜೋಡಿಸಿ ಮುಚ್ಚಿದ್ದೇವೆ ಅಂದುಕೊಂಡಿದ್ದರು. ಒಲೆಯ ಮುಂದಿನ ಸಾಮಾನು ಯಾರ ಕೈಯದು ಎಂಬುದನ್ನೇ ಮರೆತಿದ್ದರು.

ಒಂದು ಗಿಳಿಗೆ ಕಣ್ಣು ಬಂದ ದಿನ ಬೆಳಿಗ್ಗೆ ಕೂಸಿಗೆ ಜ್ವರ ಬಂತು. ಮುಟ್ಟಿದರೆ ಕಾದ ಹಂಚು. ಹಾಲು ಹಿಡಿಯಲೊಲ್ಲದು. ಆಯಿ ಅಪ್ಪನನ್ನು ಪೇಟೆಯ ಹಕೀಮರ ಕಡೆ ಓಡಿಸಿದಳು. ಅವರು ಕೊಟ್ಟ ಪುಡಿಯನ್ನು ಅವ್ವನ ಹಾಲಿನಲ್ಲಿ ತೇಯ್ದು ನಾಲಿಗೆಗೆ ಹಚ್ಚಿದರು. ಒದ್ದೆ ಬಟ್ಟೆ ಇಟ್ಟರು. ಅವ್ವ ಒಂದು ಕೈಯಿಂದ ಕೂಸನ್ನು, ಇನ್ನೊಂದು ಕೈಯಿಂದ ದಿಂಬನ್ನು ಹಿಡಿದುಕೊಂಡಿದ್ದಳು. ಅವಳ ತುಟಿ ತೆಲುಗಿನಲ್ಲಿ ಏನೋ ಅನ್ನುತ್ತಿತ್ತು, ಧ್ವನಿ ಇರಲಿಲ್ಲ. ಕೂಸು ಹೋದರೆ ಯಾರ ಹೆಸರು ಬರುತ್ತದೆ ಎಂದು ಕೋಣೆಯಲ್ಲಿದ್ದ ಎಲ್ಲರಿಗಿಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅತ್ತೆ ಅವಳ ಆ ಕೈಯನ್ನೇ ನೋಡುತ್ತಿದ್ದಳು.

“ಯವ್ವಾ, ದೊಡ್ಡಾಕಿ ಅದಾಳೋ ಇಲ್ಲೋ ಒಮ್ಮೆ ನೋಡು,” ಎಂದಳು ಅತ್ತೆ. “ಈಕಿ ದಿಂಬು ಬಿಡವಲ್ಲಳು. ಕಲ್ಲಿನೋರಿಗೆ ನಮ್ಮ ರೀತಿ ಏನು ಗೊತ್ತು?”

“ಅದಾಳ ವದಿನಾ,” ಅವ್ವ ತೆಲುಗಿನ ರೂಢಿಯಂತೆ ನಾದಿನಿಯನ್ನು ಕರೆದು ಅಂದಳು.

“ಇದ್ದರ ತೋರಸು.”

ಅತ್ತೆ ದಿಂಬಿಗೆ ಕೈ ಹಾಕಿದಳು. ಅವ್ವ ಅದರ ಮೇಲೆ ಬಿದ್ದಳು. ಕೂಸು ತೆಳ್ಳಗೆ ಕಿರುಗುಟ್ಟಿತು. ಆಗ ಆಯಿ ಒದ್ದೆ ಬಟ್ಟೆಯನ್ನು ನನ್ನ ಕೈಗೆ ಕೊಟ್ಟು ಎದ್ದಳು.

“ಕೈ ತೆಗಿ. ಇಟ್ಟಾಕಿ ನಾನು. ಮುಟ್ಟೋದೂ ನಾನೇ.”

ಆಯಿ ಅವ್ವನ ತಲೆಯನ್ನು ಮೆಲ್ಲಗೆ ಎತ್ತಿ, ದಿಂಬಿನ ಕೆಳಗೆ ಕೈ ತೂರಿಸಿದಳು. ಕೈ ಅಲ್ಲೇ ನಿಂತಿತು. ಕೆಂಡದ ಬೆಳಕಿನಲ್ಲಿ ಇಬ್ಬರ ಮುಖಗಳೂ ಒಂದಕ್ಕೊಂದು ಬಹಳ ಹತ್ತಿರವಿದ್ದವು. ಅವ್ವ ಕಣ್ಣು ಮುಚ್ಚಿಕೊಂಡಳು. ಆಯಿ ಮುಚ್ಚಲಿಲ್ಲ. 

“ಅದಾಳೇನು?” ಅತ್ತೆ ಕೇಳಿದಳು.

“ಅದಾಳ. ಬೆಚ್ಚಗ ಮಲಗ್ಯಾಳ. ನೀ ಹೋಗಿ ಸ್ವಲ್ಪ ಗಂಜಿ ಇಡು.”

ಆಯಿ ಕೈ ಹೊರಗೆ ತೆಗೆದಾಗ ಮುಷ್ಟಿ ಬಿಗಿದಿತ್ತು. ನಾನು ಕೆಳಗೆ ಕೂತಿದ್ದವಳು, ನನಗೆ ಕಂಡಿತು. ಬೆರಳ ಸಂದಿಯಲ್ಲಿ ಮಸಿ. ಆ ಮುಷ್ಟಿಯನ್ನು ಸೆರಗಿನೊಳಗೆ ಇಟ್ಟುಕೊಂಡೇ ಅವಳು ಹಿತ್ತಲ ಬಾಗಿಲಿಂದ ಚಪ್ಪರಕ್ಕೆ ನಡೆದಳು. ನಾನು ಹಿಂದೆ ಹೋದೆ. ಯಾರೂ ಬರಬೇಡ ಅನ್ನಲಿಲ್ಲ.

ಚಪ್ಪರದಲ್ಲಿ ಅಪ್ಪ ಗರಗಸ ಹಿಡಿದಿದ್ದ. ಆಯಿಯನ್ನು ಕಂಡು ಬಿಟ್ಟ. ಮುತ್ಯಾನ ಅಂಗೈಯಲ್ಲಿ ಉಳಿ ಇತ್ತು. ಮುಚ್ಚಿಕೊಳ್ಳಲು ಹೋಗಲಿಲ್ಲ. ಚಕ್ಕೆಗಳು ಅವನ ಮೊಣಕಾಲ ಮೇಲೆ, ಗಡ್ಡದಲ್ಲಿ, ಹುಬ್ಬಿನಲ್ಲಿ ಕೂತಿದ್ದವು. ಮರದ ಪುಡಿ ಬಿಸಿಲಿನಲ್ಲಿ ತೇಲುತ್ತಿತ್ತು. ಕಣ್ಣು ಬಂದ ಗಿಳಿ ನಮ್ಮನ್ನು ನೋಡುತ್ತಿತ್ತು, ಇನ್ನೊಂದು ನೋಡುತ್ತಿರಲಿಲ್ಲ. ಆಯಿ ಮನೆಯಲ್ಲಿ ಆಡಬಾರದ ಮಾತನ್ನು ಆಡಿದಳು.

“ಉಳಿ ಬಾಯಿ ಹೆಂಗೈತಿ?”

ಮುತ್ಯಾ ಹೆಬ್ಬೆರಳಿನಿಂದ ಅಲಗನ್ನು ಸವರಿದ. “ಚಲೋ ಐತಿ.”

“ಆವತ್ತೂ ಚಲೋ ಇತ್ತು.”

“ಹೂಂ.”

ಅವನು ಉಳಿಯನ್ನು ಅವಳ ಕಡೆ ಚಾಚಿದ. ಹಿಡಿಕೆ ಅವಳ ಕಡೆಗೆ, ಬಾಯಿ ತನ್ನ ಕಡೆಗೆ. “ಒಯ್ದು ಇಡು. ನನ್ನ ತಪ್ಪು. ಆಕಿದಲ್ಲ.”

ಆಯಿ ಹಿಡಿಕೆಯನ್ನು ಮುಟ್ಟಿದಳು, ತೆಗೆದುಕೊಳ್ಳಲಿಲ್ಲ. ಅವಳ ಮಸಿ ಹುಣಸೆಯ ಹಿಡಿಕೆಗೆ ಹತ್ತಿತು. “ಹೆಂಗ ಒಯ್ಯಲಿ? ಹಾದ್ಯಾಗ ಒಲಿ ಮುಂದ ನಿಮ್ಮ ಮಗಳು ಕುಂತಾಳ. ಇದನ್ನ ಕಂಡ್ರ ನಮ್ಮ ಸೊಸಿ ಈ ಮನಿಯಾಗ ಬಾಳೇ ಮಾಡಂಗಿಲ್ಲ. ಕೂಸು ಇದ್ರೂ ಮಾಡಂಗಿಲ್ಲ, ಹೋದ್ರೂ ಮಾಡಂಗಿಲ್ಲ.”

“ಮತ್ತ ಕೂಸು?”

“ಕೂಸು ಹೋದ್ರ ನಾ ನಿಮ್ಮ ಕೂಡ ಇನ್ನ ಮಾತಾಡಂಗಿಲ್ಲ.”

“ಬದುಕಿದ್ರ?”

ಆಯಿ ಗಿಳಿಯ ಗಲ್ಲದ ಗೀರನ್ನು ನೋಡುತ್ತ ನಿಂತಳು. ಬೇವಿನ ಮರದಲ್ಲಿ ಹಕ್ಕಿ ಟಕ್ ಟಕ್ ಅನ್ನುತ್ತಿತ್ತು.  ನನ್ನ ನೆನಪಿನಲ್ಲಿ ಅವಳು ಇನ್ನೂ ಅಲ್ಲೇ ನಿಂತಿದ್ದಾಳೆ.

“ಬದುಕಿದ್ರ ನನ್ನ ಆ ಕೂಸೂ ಜ್ವರಕ್ಕ ಹೋಗಿತ್ತು ಅನಕೋಬೇಕಾಗತೈತಿ,” ಎಂದಳು. “ಇಷ್ಟು ವರ್ಷ ಆ ಸಾವನ್ನ ನಿಮ್ಮ ತಲಿ ಮ್ಯಾಲೆ ಇಟ್ಟಿದ್ದೆ. ಇಳಸಾಕ ನನಗ ಮನಸಿಲ್ಲ. ನೋಡೋಣು.” ಹೊರಟವಳು ತಿರುಗಿ ಅಪ್ಪನ ಕಡೆ ನೋಡಿದಳು. “ಸೌದಿ ಸಾಕು ಮಾಡು. ಒಲಿ ಸಾಮಾನು ಕದ್ದು ಒಲಿ ಮುಂದಿನಾಕಿಗೇ ಗೊತ್ತಾಗಂಗಿಲ್ಲ ಅಂತ ತಿಳಕೊಂಡೀರಿ, ಶಾಣ್ಯಾರು.”

ಇಡೀ ದಿನ ಆಯಿ ಕೂಸನ್ನು ನೆಲಕ್ಕೆ ಇಳಿಸಲಿಲ್ಲ. ಗೋಡೆಗೆ ಒರಗಿ, ಕಾಲು ಚಾಚಿ, ಕಾಲ ಮೇಲೆ ಮಲಗಿಸಿಕೊಂಡು ಕೂತಳು. ಅತ್ತೆ ಗಂಜಿ ತಂದಳು, ಕುಡಿಯಲಿಲ್ಲ. ದಿಂಬಿನ ಮಾತು ಮತ್ತೆ ಬರಲಿಲ್ಲ. ಅವ್ವ ಆಯಿಯ ಮುಖವನ್ನು ನೋಡಲಾರದೆ ಅವಳ ಪಾದವನ್ನು ನೋಡುತ್ತಿದ್ದಳು. ಆಮೇಲೆ ಆ ಪಾದದ ಮೇಲೆ ಕೈ ಇಟ್ಟಳು. ಆಯಿ ಪಾದ ಎಳೆದುಕೊಳ್ಳಲಿಲ್ಲ. ಬೆಳಕಿಂಡಿಯ ಬಿಸಿಲಿನ ಕಂಬ ಅಡಿಗೆಮನೆಯಲ್ಲಿ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ನಡೆದುಹೋಯಿತು. ದೀಪ ಹಚ್ಚುವ ಹೊತ್ತಿಗೆ ಕೂಸಿನ ಹಣೆಯ ಮೇಲೆ ಸಾಸಿವೆಯಂಥ ಬೆವರು ಮೂಡಿತು. ಆಯಿ ಅದನ್ನು ಒರೆಸದೆ ನೋಡಿದಳು. ನಾಲಿಗೆಯ ತುದಿಯಿಂದ ಮುಟ್ಟಿ ನೋಡಿದಳು. ಕೂಸನ್ನು ಅವ್ವನ ಎದೆಗೆ ಕೊಟ್ಟಳು. ಕೂಸು ಹುಡುಕಿತು, ತಪ್ಪಿತು, ಹಿಡಿಯಿತು. ಚೀಪುವ ಸಪ್ಪಳ ಕೇಳಿ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕಿದಳು. ‘ದೊಡ್ಡಾಕಿ ಕಾಯ್ದಳು ಯವ್ವಾ’ ಅಂದಳು. ಆ ಕಥೆ ಹುಟ್ಟಿದ್ದು ಅಲ್ಲೇ, ಆ ಗಳಿಗೆಯಲ್ಲೇ. ಅವಳು ಅದನ್ನು ನಾರಾಯಣಪೇಟೆಗೆ ಒಯ್ದಳು, ಅಲ್ಲಿಂದ ಬಳಗಕ್ಕೆಲ್ಲ ಹೋಯಿತು. ಆಯಿ ಹೂಂ ಎಂದೂ ಅನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ. ಅಡಿಗೆಮನೆಗೆ ಹೋಗಿ ಗೋಡೆಗೆ ಬಾಯಿ ಹತ್ತಿರ ಮಾಡಿ, ಚಪ್ಪರದಲ್ಲಿ ಕತ್ತಲಲ್ಲಿ ಕೂತಿದ್ದವನಿಗೆ ಕೇಳುವಷ್ಟೇ ಜೋರಾಗಿ ಹೇಳಿದಳು.

“ಹಾಲು ಕುಡೀತು.”

ಆಚೆಯಿಂದ ಮುತ್ಯಾ ಮೂಗು ಸೀನಿದ್ದು ಕೇಳಿತು. ಆವತ್ತು ಆಯಿ ಅವನ ತಾಟಿಗೆ ರೊಟ್ಟಿಯನ್ನು ಬಗ್ಗಿ ಇಟ್ಟಳು. ಟಣ್ ಅನ್ನಲಿಲ್ಲ.

ಮರುದಿನ ಬೆಳಿಗ್ಗೆ ನನಗೆ ಎಚ್ಚರವಾದಾಗ ಆಯಿ ಎದ್ದಿರಲಿಲ್ಲ. ಅವಳು ಮಲಗಿದ್ದನ್ನು ನಾನು ಬಿಸಿಲಿನಲ್ಲಿ ಕಂಡದ್ದೇ ಇಲ್ಲ. ಒಲೆಯ ಪಕ್ಕ ಬರೀ ನೆಲದ ಮೇಲೆ, ಮಸಿ ಹಿಡಿದ ಅಂಗೈಯನ್ನು ಕೆನ್ನೆಯ ಕೆಳಗೆ ಇಟ್ಟುಕೊಂಡು ಮಲಗಿದ್ದಳು. ಗೋಡೆಯ ಆಚೆ ಮುತ್ಯಾ ಕೂತಿದ್ದ. ಗರಗಸದ ಮರೆಯಿಲ್ಲದೆ, ಸಣ್ಣ ಉಳಿ ಮರದೊಳಗೆ ಇಳಿಯುವ ಸಪ್ಪಳ, ಇಲಿ ಜೋಳ ಕಡಿದ ಹಾಗೆ, ಬರುತ್ತಲೇ ಇತ್ತು. ಆ ಸಪ್ಪಳಕ್ಕೆ ಯಾವ ನಿದ್ದೆಯಿಂದಲೂ ಏಳುತ್ತಿದ್ದ ಹೆಂಗಸು ಮಗ್ಗುಲಾದಳು, ಏಳಲಿಲ್ಲ. ಬಾಣಂತಿಗೆ ಗಂಜಿ ಬೇಕಿತ್ತು. ನಾನು ಅಪ್ಪ ಕೊಯ್ದ ಸೌದೆಯನ್ನು ಒಲೆಗೆ ಒಟ್ಟಿದೆ, ಸೀಳುಬಿದಿರನ್ನು ಬಾಯಿಗೆ ಇಟ್ಟು ಊದಿದೆ. ಗಾಳಿ ಮುಖಕ್ಕೆ ಬಂತು, ಕಣ್ಣಿಗೆ ಹೊಗೆ ಬಂತು. ಸೀಳಿನ ಮೇಲೆ ಬೆರಳಿಟ್ಟು ಇನ್ನೊಮ್ಮೆ ಊದಿದೆ. ಬೆಂಕಿ ಹತ್ತಿತು. ಹೊಗೆ ಆಯಿಯ ಕಡೆ ತಿರುಗಿದ್ದನ್ನು ಕಂಡು ಎದ್ದು, ಹಿತ್ತಲ ಬಾಗಿಲನ್ನು ತೆರೆದೆ.